ಕಾಲೇಜು ಮ್ಯೂಸಿಕಲ್

ಕಾಲೇಜು ಮ್ಯೂಸಿಕಲ್ ಎಂಬುದು ಕಾಲೇಜು ಅಥವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಿದ್ಧಪಡಿಸಿ ಪ್ರದರ್ಶಿಸುವ ಸಂಗೀತ ನಾಟಕ. ಮಾತು, ಹಾಡು ಮತ್ತು ನೃತ್ಯ ಮೂರೂ ಕೂಡಿ ಒಂದೇ ಕಥೆಯನ್ನು ನಿರೂಪಿಸುವುದು ಈ ಪ್ರಕಾರದ ಲಕ್ಷಣ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ದೀರ್ಘ ಪರಂಪರೆಯಿದೆ. ವೃತ್ತಿರಂಗಭೂಮಿಯ ಮ್ಯೂಸಿಕಲ್‌ಗೆ ಬೇಕಾಗುವ ಕೆಲಸಗಳೆಲ್ಲವೂ ಇದಕ್ಕೂ ಬೇಕು. ಆದರೆ ಇಲ್ಲಿ ಅವನ್ನು ತರಗತಿ ಮತ್ತು ಪರೀಕ್ಷೆಗಳ ನಡುವೆ ದೊರೆಯುವ ಸಂಜೆಗಳಲ್ಲಿ, ಕೆಲವೇ ವರ್ಷಗಳಲ್ಲಿ ಪದವಿ ಮುಗಿಸಿ ಹೊರಡುವ ತಂಡವು ಮಾಡಬೇಕಾಗುತ್ತದೆ. ಸಿದ್ಧತೆಯ ಕ್ರಮವು ಬಹುಮಟ್ಟಿಗೆ ಈ ಮಿತಿಗೆ ಹೊಂದಿಕೊಂಡು ರೂಪುಗೊಂಡಿದೆ.

ಇತಿಹಾಸ

ಹಾರ್ವರ್ಡ್‌ನ ಹೇಸ್ಟಿ ಪುಡಿಂಗ್ ಕ್ಲಬ್ 1844ರಲ್ಲಿ ತನ್ನ ಮೊದಲ ನಾಟಕವನ್ನು ಆಡಿತು. ಅಲ್ಲಿ ಸ್ತ್ರೀಪಾತ್ರಗಳನ್ನೂ ಪುರುಷರೇ ನಿರ್ವಹಿಸುವ ಪದ್ಧತಿ ದೀರ್ಘಕಾಲ ಉಳಿಯಿತು. ವಿದ್ಯಾರ್ಥಿನಿಯರು ನಟವರ್ಗವನ್ನು ಸೇರಿದ್ದು 2019ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ 'ವಾರ್ಸಿಟಿ ಶೋ' 1894ರಲ್ಲಿ ಕ್ರೀಡಾ ತಂಡಗಳಿಗೆ ಹಣ ಸಂಗ್ರಹಿಸುವ ಉದ್ದೇಶದಿಂದ ಆರಂಭವಾಯಿತು.

1920ರ ವಾರ್ಸಿಟಿ ಶೋ 'ಫ್ಲೈ ವಿತ್ ಮಿ'ಗೆ ರಿಚರ್ಡ್ ರಾಜರ್ಸ್ ಸಂಗೀತ ನೀಡಿದಾಗ ಆತನಿಗೆ ಹದಿನೇಳು ವರ್ಷ. ಲೊರೆಂಜ್ ಹಾರ್ಟ್ ಗೀತೆಗಳನ್ನು ರಚಿಸಿದ್ದರು. ಅದೇ ಕಾಲೇಜು ರಂಗದಲ್ಲಿ ಪಳಗಿದ್ದ ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆಗೂಡಿ ರಾಜರ್ಸ್ ಮುಂದೆ 1943ರಲ್ಲಿ 'ಒಕ್ಲಹೋಮ!' ರಚಿಸಿದರು. ಹಾಡು ಮತ್ತು ನೃತ್ಯಗಳು ಕಥೆಯನ್ನು ನಿಲ್ಲಿಸದೆ ಮುನ್ನಡೆಸಬೇಕೆಂಬ ತತ್ತ್ವಕ್ಕೆ ಈ ಕೃತಿ ಮಾದರಿಯಾಯಿತು.

ಕೃತಿ ಮತ್ತು ಪ್ರದರ್ಶನದ ಹಕ್ಕು

ವಿದ್ಯಾರ್ಥಿಗಳು ಸ್ವತಃ ಹೊಸ ಕೃತಿಯನ್ನು ರಚಿಸಬಹುದು ಅಥವಾ ಪ್ರಸಿದ್ಧ ಕೃತಿಯೊಂದನ್ನು ಆಯ್ದುಕೊಳ್ಳಬಹುದು. ಕೃತಿಸ್ವಾಮ್ಯ ಇರುವ ಕೃತಿಯಾದರೆ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್‌ನಂತಹ ಸಂಸ್ಥೆಗಳಿಂದ ಪರವಾನಗಿ ಪಡೆಯಬೇಕು. ಸಭಾಂಗಣದ ಆಸನಗಳು, ಟಿಕೆಟ್ ದರ ಮತ್ತು ಪ್ರದರ್ಶನಗಳ ಸಂಖ್ಯೆಯನ್ನು ನೋಡಿ ಗೌರವಧನವನ್ನು ನಿಗದಿ ಮಾಡುತ್ತಾರೆ. ವಾದ್ಯಗಾರರ ಸ್ವರಲಿಪಿ ಸಾಮಾನ್ಯವಾಗಿ ಬಾಡಿಗೆಗೆ ಬರುತ್ತದೆ. ಅದನ್ನು ಹಿಂದಿರುಗಿಸಬೇಕಾದ್ದರಿಂದ ಗುರುತುಗಳನ್ನು ಪೆನ್ಸಿಲಿನಲ್ಲಿ ಮಾತ್ರ ಹಾಕಿ, ಕೊನೆಗೆ ಅಳಿಸುವುದು ರೂಢಿ.

ಅನುಮತಿಯಿಲ್ಲದೆ ಹಾಡನ್ನು ಬಿಡುವುದು, ಸಂಭಾಷಣೆ ತಿದ್ದುವುದು ಅಥವಾ ಪಾತ್ರದ ಲಿಂಗ ಬದಲಿಸುವುದು ಪರವಾನಗಿಯ ಉಲ್ಲಂಘನೆಯಾಗುತ್ತದೆ. ಆದ್ದರಿಂದ ಕೃತಿಯನ್ನು ಆಯ್ಕೆ ಮಾಡುವಾಗಲೇ ಕಾಲೇಜಿನಲ್ಲಿ ಯಾವ ಕಂಠಗಳಿವೆ, ಎಷ್ಟು ವಾದ್ಯಗಾರರು ದೊರೆಯುತ್ತಾರೆ, ರಂಗದ ಅಳತೆ ಎಷ್ಟು ಎಂಬುದನ್ನು ಪರಿಶೀಲಿಸಬೇಕು.

ತಂಡ ಮತ್ತು ಪಾತ್ರಗಳ ಆಯ್ಕೆ

ನಿರ್ದೇಶಕ, ಸಂಗೀತ ನಿರ್ದೇಶಕ ಮತ್ತು ನೃತ್ಯ ಸಂಯೋಜಕ ಈ ಮೂವರು ತಂಡದ ಆಧಾರ. ರಂಗಸಜ್ಜಿಕೆ, ಬೆಳಕು, ಧ್ವನಿ, ವೇಷಭೂಷಣಗಳ ವಿನ್ಯಾಸಕರು ಇವರೊಂದಿಗೆ ಸಮಾಲೋಚಿಸಿ ಕೆಲಸ ಮಾಡುತ್ತಾರೆ. ಎಲ್ಲರ ನಿರ್ಧಾರಗಳನ್ನು ದಾಖಲಿಸಿ ಕಾಪಾಡುವ ಹೊಣೆ ರಂಗನಿರ್ವಾಹಕರದು.

ಪಾತ್ರಗಳಿಗಾಗಿ ಬರುವ ಅಭ್ಯರ್ಥಿಗಳು ಸಾಮಾನ್ಯವಾಗಿ ಹಾಡೊಂದರ ಚಿಕ್ಕ ಭಾಗವನ್ನು ಹಾಡಿ, ಗುಂಪಿನಲ್ಲಿ ನೃತ್ಯ ಮಾಡಿ, ಸಂಭಾಷಣೆ ಓದುತ್ತಾರೆ. ಎರಡನೆಯ ಸುತ್ತಿನಲ್ಲಿ ಅವರನ್ನು ಜೋಡಿಗಳಾಗಿ ನಿಲ್ಲಿಸಿ ನೋಡುವುದುಂಟು. ಹಾಡಿನಲ್ಲಿ ಮುಂದಿರುವವರು ನೃತ್ಯದಲ್ಲಿ ಹಿಂದೆ ಬೀಳಬಹುದು. ಉತ್ತಮ ನಟರಿಗೆ ಕಂಠವಿರದಿರಬಹುದು. ಪಾತ್ರಕ್ಕೆ ಅತ್ಯಗತ್ಯವಾದ ಗುಣ ಯಾವುದು, ಅಭ್ಯಾಸದಿಂದ ಬರಬಹುದಾದ ಗುಣ ಯಾವುದು ಎಂದು ವಿವೇಚಿಸುವುದೇ ಆಯ್ಕೆಯ ಕಠಿಣ ಭಾಗ.

ತಾಲೀಮು

ತಾಲೀಮು ಸಾಮಾನ್ಯವಾಗಿ ಸಂಗೀತದಿಂದ ಆರಂಭವಾಗುತ್ತದೆ. ಸಮೂಹಗಾನದ ಭಿನ್ನ ಸ್ವರಪಂಕ್ತಿಗಳನ್ನು ಪಿಯಾನೊ ನೆರವಿನಿಂದ ಪ್ರತ್ಯೇಕವಾಗಿ ಕಲಿಸಿ ಬಳಿಕ ಕೂಡಿಸುತ್ತಾರೆ. ಹಾಡು ಕಂಠಸ್ಥವಾಗದೆ ನೃತ್ಯ ನಿಲ್ಲದು. ಹೆಜ್ಜೆಗಳನ್ನು ಎಣಿಸುವ ಮನಸ್ಸಿಗೆ ಪದಗಳು ನೆನಪಿಗೆ ಬರುವುದಿಲ್ಲ. ಅನಂತರ ನೃತ್ಯ, ಆಮೇಲೆ ನಟರ ಚಲನೆಗಳ ಅಭ್ಯಾಸ. ರಂಗಸಜ್ಜಿಕೆ ಸಿದ್ಧವಾಗುವವರೆಗೆ ಗೋಡೆ, ಬಾಗಿಲು, ಮೆಟ್ಟಿಲುಗಳ ನಿಜವಾದ ಅಳತೆಯನ್ನು ತಾಲೀಮು ಕೋಣೆಯ ನೆಲದ ಮೇಲೆ ಬಣ್ಣದ ಅಂಟುಪಟ್ಟಿಯಿಂದ ಗುರುತಿಸುತ್ತಾರೆ.

ಕುಣಿಯುತ್ತ ಹಾಡುವಾಗ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ಎಳೆಯ ಕಂಠಗಳು ಪ್ರತಿದಿನದ ಪೂರ್ಣ ಗಾಯನವನ್ನು ತಾಳುವುದು ಕಷ್ಟ. ಹೀಗಾಗಿ ಕೊನೆಯ ವಾರಗಳ ಕೆಲವು ತಾಲೀಮುಗಳಲ್ಲಿ ಮೆಲುದನಿಯಲ್ಲಿ ಹಾಡಲು ಅವಕಾಶ ನೀಡಲಾಗುತ್ತದೆ.

ಜೋಡಣೆಯ ಹಂತ

ಗಾಯಕರು ಮತ್ತು ವಾದ್ಯವೃಂದ ವಾರಗಟ್ಟಲೆ ಪ್ರತ್ಯೇಕವಾಗಿ ಅಭ್ಯಾಸ ನಡೆಸಿರುತ್ತಾರೆ. ಅವರು ಒಟ್ಟಿಗೆ ಕುಳಿತು, ಅಭಿನಯವಿಲ್ಲದೆ, ಸಂಗೀತವನ್ನು ಮಾತ್ರ ನುಡಿಸಿ ಹಾಡುವ ತಾಲೀಮಿಗೆ ಜರ್ಮನ್ ಭಾಷೆಯ 'ಸಿಟ್ಸ್‌ಪ್ರೋಬ' ಎಂಬ ಹೆಸರಿದೆ. 'ಕುಳಿತು ಮಾಡುವ ತಾಲೀಮು' ಎಂದು ಇದರ ಅರ್ಥ. ಪಿಯಾನೊವೊಂದನ್ನೇ ಕೇಳಿ ರೂಢಿಯಾದ ಗಾಯಕರಿಗೆ ತಮ್ಮ ಆರಂಭದ ಸ್ವರವನ್ನು ಅನೇಕ ವಾದ್ಯಗಳ ನಡುವೆ ಗುರುತಿಸುವುದು ಹೊಸ ಅನುಭವ.

ಮುಂದಿನದು ತಾಂತ್ರಿಕ ತಾಲೀಮು. ಬೆಳಕು, ಧ್ವನಿ ಅಥವಾ ದೃಶ್ಯ ಬದಲಾಗುವ ಪ್ರತಿಯೊಂದು ಸಂದರ್ಭಕ್ಕೂ ಕ್ರಮಸಂಖ್ಯೆ ಕೊಡುತ್ತಾರೆ. ನಡುವಿನ ಸಂಭಾಷಣೆಯನ್ನು ಬಿಟ್ಟು, ಒಂದು ಬದಲಾವಣೆಯಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತಾರೆ. ಪ್ರದರ್ಶನದ ವೇಳೆ ರಂಗನಿರ್ವಾಹಕರು ಮೊದಲು ಸಿದ್ಧರಾಗಿರಲು ಸೂಚಿಸಿ, ಸರಿಯಾದ ಕ್ಷಣದಲ್ಲಿ ಹೆಡ್‌ಸೆಟ್ ಮೂಲಕ 'ಗೋ' ಎನ್ನುತ್ತಾರೆ. ಆ ಮಾತು ಬಾರದೆ ದೀಪವೂ ಬದಲಾಗದು, ಪರದೆಯೂ ಸರಿಯದು.

ಅನೇಕ ಕೃತಿಗಳ ಸ್ವರಲಿಪಿಯಲ್ಲಿ 'ವ್ಯಾಂಪ್' ಎಂಬ ಭಾಗಗಳಿರುತ್ತವೆ. ಸಂಭಾಷಣೆ ಅಥವಾ ದೃಶ್ಯ ಬದಲಾವಣೆ ಮುಗಿಯುವವರೆಗೆ ವಾದ್ಯವೃಂದ ಮರಳಿ ಮರಳಿ ನುಡಿಸಬಹುದಾದ ತುಣುಕು ಇದು. ವಸ್ತ್ರ ಬದಲಿಸಲು ನಟಿಯೊಬ್ಬಳಿಗೆ ತಡವಾದರೆ, ವಾದ್ಯವೃಂದದ ನಿರ್ದೇಶಕರು ಇದನ್ನು ಇನ್ನೆರಡು ಬಾರಿ ನುಡಿಸಿ ಕಾಯುತ್ತಾರೆ. ಪ್ರೇಕ್ಷಕರಿಗೆ ತೊಡಕು ತಿಳಿಯುವುದಿಲ್ಲ.

ಕನ್ನಡ ರಂಗಸಂಗೀತದೊಂದಿಗೆ ಹೋಲಿಕೆ

ಕನ್ನಡದ ಕಂಪನಿ ನಾಟಕಗಳೂ ಹಾಡನ್ನೇ ನೆಚ್ಚಿದ್ದವು. ಗುಬ್ಬಿ ಕಂಪನಿ ಸ್ಥಾಪನೆಯಾದದ್ದು 1884ರಲ್ಲಿ. ಅಲ್ಲಿ ನಟನ ಗಾಯನವನ್ನು ಹಾರ್ಮೋನಿಯಂ ಹಿಂಬಾಲಿಸುತ್ತಿತ್ತು. ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದರೆ ಹಾಡು ಮತ್ತೆ ಮೊಳಗುತ್ತಿತ್ತು. ಮ್ಯೂಸಿಕಲ್‌ನಲ್ಲಿ ವಾದ್ಯ, ಬೆಳಕು ಮತ್ತು ಹೆಜ್ಜೆಗಳು ಲಿಖಿತ ಸ್ವರಲಿಪಿಗೆ ಬದ್ಧವಾಗಿರುವುದರಿಂದ ಅಂತಹ ಸ್ವಾತಂತ್ರ್ಯ ವಿರಳ. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದ ಬಿ.ವಿ. ಕಾರಂತರು ಶ್ರೀರಂಗರ 'ಸತ್ತವರ ನೆರಳು' ನಾಟಕಕ್ಕೆ ಪುರಂದರದಾಸರ ಕೀರ್ತನೆಗಳನ್ನು ಅಳವಡಿಸಿದರು. ಹೀಗೆ ಮಾತಿನ ನಾಟಕಕ್ಕೆ ಹೊರಗಿನಿಂದ ಹಾಡನ್ನು ಬೆಸೆಯುವ ಕ್ರಮವು, ಹಾಡಿನೊಂದಿಗೇ ಹುಟ್ಟುವ ಮ್ಯೂಸಿಕಲ್‌ಗಿಂತ ಭಿನ್ನ.

ಪ್ರದರ್ಶನದ ಬಳಿಕ

ಕೊನೆಯ ಪ್ರದರ್ಶನ ಮುಗಿದ ಬಳಿಕ ರಂಗಸಜ್ಜಿಕೆಯನ್ನು ಕಳಚುವ ಕೆಲಸಕ್ಕೆ ನಟರೂ ಸೇರಿ ಎಲ್ಲರೂ ಕೈಹಾಕುವುದು ಕಾಲೇಜುಗಳ ವಾಡಿಕೆ. ಮರದ ಚೌಕಟ್ಟು, ಬಟ್ಟೆ, ರಂಗಪರಿಕರಗಳನ್ನು ಮರುಬಳಕೆಗೆ ಎತ್ತಿಡಲಾಗುತ್ತದೆ. ಆದರೆ ಅವನ್ನು ಬಳಸಿದ ಅನುಭವ ಹಿರಿಯ ವಿದ್ಯಾರ್ಥಿಗಳೊಂದಿಗೆ ಹೊರಟುಹೋಗುವ ಸಂಭವವಿರುತ್ತದೆ. ಇದನ್ನು ತಡೆಯಲು ಪ್ರತಿ ವಿಭಾಗದ ಮುಖ್ಯಸ್ಥರ ಜೊತೆ ಕಿರಿಯ ವಿದ್ಯಾರ್ಥಿಯೊಬ್ಬರನ್ನು ಸಹಾಯಕರಾಗಿ ನೇಮಿಸುವುದು ಉಪಯುಕ್ತ. ರಂಗನಿರ್ವಾಹಕರ ಕೈಹೊತ್ತಿಗೆ, ಬೆಳಕಿನ ನಕ್ಷೆ ಮತ್ತು ಖರ್ಚಿನ ಲೆಕ್ಕ ಮುಂದಿನ ವರ್ಷದ ತಂಡಕ್ಕೆ ಮೊದಲ ಪಾಠಗಳಾಗುತ್ತವೆ.