ಬಿ.ಎಡ್. ಒಂದು ವರ್ಷವೇ, ಎರಡೇ, ನಾಲ್ಕೇ?

ನಮ್ಮ ಕ್ಲಾಸಿನಲ್ಲಿ ಯಾರಾದರೂ "ನಾನು ಟೀಚರ್ ಆಗಬೇಕು" ಎಂದರೆ ಮನೆಯವರು ಹೇಳುವುದು ಒಂದೇ ಮಾತು: "ಮೊದಲು ಡಿಗ್ರಿ ಮುಗಿಸು, ಆಮೇಲೆ ಒಂದು ವರ್ಷ ಬಿ.ಎಡ್. ಮಾಡಿಬಿಡು." ಈ ಲೆಕ್ಕ ಹಳೆಯದು. ಬಿ.ಎಡ್. ಒಂದು ವರ್ಷದ ಕೋರ್ಸ್ ಆಗಿದ್ದು ನಿಂತು ಹತ್ತು ವರ್ಷ ಕಳೆದಿದೆ. ಓದುವ ವಿಷಯಗಳೂ ಬದಲಾಗಿವೆ. ದ್ವಿತೀಯ ಪಿ.ಯು. ಮುಗಿಯುವ ಮೊದಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು. ನನ್ನ ಚಾಚಾರ ಮಗಳು ಈಗ ಬಿ.ಎಡ್. ಎರಡನೇ ವರ್ಷದಲ್ಲಿದ್ದಾರೆ. ಆಪಾ ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮ ಮಾಡುವವರು ಯಾರು ಎಂದು ನೋಡೋಣ. ದೇಶದಲ್ಲಿ ಶಿಕ್ಷಕರ ತರಬೇತಿ ಕಾಲೇಜುಗಳಿಗೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ. ಇದು 1993ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ತರಬೇತಿಯ ಗುಣಮಟ್ಟವನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ 2011ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. 2012ರಲ್ಲಿ ಆಯೋಗದ ವರದಿ ಬಂತು. ತರಬೇತಿಯ ಅವಧಿಯನ್ನು ಹೆಚ್ಚಿಸಬೇಕೆಂಬುದು ಅದರ ಶಿಫಾರಸುಗಳಲ್ಲಿ ಒಂದು. ಎನ್.ಸಿ.ಟಿ.ಇ. 2014ರಲ್ಲಿ ಹೊಸ ನಿಯಮ ತಂದು, 2015-16ರಿಂದ ಬಿ.ಎಡ್. ಅನ್ನು ಎರಡು ವರ್ಷ ಮಾಡಿತು.

ಹೆಚ್ಚಿದ ಒಂದು ವರ್ಷದಲ್ಲಿ ಏನು ಕಲಿಸುತ್ತಾರೆ? ದೊಡ್ಡ ಬದಲಾವಣೆ ಇಂಟರ್ನ್‌ಶಿಪ್. ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹಿಂದೆ ಅಭ್ಯಾಸ ಪಾಠ ಎಂದರೆ ಶಾಲೆಗೆ ಹೋಗಿ ನಿಗದಿಯಾದಷ್ಟು ಪಾಠ ಮಾಡಿ ಬರುವುದಾಗಿತ್ತು. ಈಗ ಪ್ರಾರ್ಥನೆಯಿಂದ ಹಿಡಿದು ಹಾಜರಿ, ಪರೀಕ್ಷೆ, ಪೋಷಕರ ಸಭೆಯವರೆಗೆ ಶಾಲೆಯ ದಿನಚರಿಯನ್ನು ಒಳಗಿದ್ದು ನೋಡಬೇಕು. "ಪಾಠ ಮಾಡೋದು ಒಂದು ವಾರದಲ್ಲಿ ಬಂತು, ಮಕ್ಕಳ ಹೆಸರು ಹಿಡಿದು ಕರೆಯೋದಕ್ಕೆ ಒಂದು ತಿಂಗಳು ಬೇಕಾಯ್ತು" ಎನ್ನುತ್ತಾರೆ ಆಪಾ.

ಎರಡನೆಯದು ಪಾಠ ಯೋಜನೆ. ಮೊದಲು ಶಿಕ್ಷಕರು ಏನು ಹೇಳಬೇಕು ಎಂಬುದೇ ಅದರಲ್ಲಿ ಮುಖ್ಯವಾಗಿತ್ತು. ಈಗ ಮಕ್ಕಳು ಏನು ಮಾಡುತ್ತಾರೆ ಎಂದು ಬರೆಯಬೇಕು. ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿರುವ ಐದು 'ಇ' ಮಾದರಿಯಲ್ಲಿ ತೊಡಗಿಸಿಕೊಳ್ಳುವುದು, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಹಂತಗಳಿವೆ. ಗಮನಿಸಿ, ಇದರಲ್ಲಿ ವಿವರಣೆ ಬರುವುದು ಮೂರನೆಯದಾಗಿ. ಮಗು ತಾನೇ ಸ್ವಲ್ಪ ಹುಡುಕಿದ ಮೇಲೆ ಟೀಚರ್ ವಿವರಿಸಬೇಕು.

ಮೂರನೆಯದು ಹೊಸ ವಿಷಯಗಳು. ಲಿಂಗತ್ವ ಮತ್ತು ಸಮಾಜ, ಎಲ್ಲರನ್ನೂ ಒಳಗೊಳ್ಳುವ ಶಾಲೆ, ಶಿಕ್ಷಣದಲ್ಲಿ ನಾಟಕ ಮತ್ತು ಕಲೆ, ಕಂಪ್ಯೂಟರ್ ಬಳಕೆ, ಪಠ್ಯಕ್ರಮದಾದ್ಯಂತ ಭಾಷೆ ಎಂಬವು ಬಂದಿವೆ. ಕೊನೆಯದರ ಅರ್ಥ ಇಷ್ಟು: ಭಾಷೆ ಕಲಿಸುವುದು ಕನ್ನಡ ಅಥವಾ ಇಂಗ್ಲಿಷ್ ಟೀಚರ್ ಒಬ್ಬರ ಕೆಲಸವಲ್ಲ. ಗಣಿತ, ವಿಜ್ಞಾನ, ಸಮಾಜ ಕಲಿಸುವವರೂ ಮಗುವಿನ ಮನೆಮಾತು ಯಾವುದು ಎಂದು ತಿಳಿದಿರಬೇಕು. ನನಗೆ ಇದು ಕೂಡಲೇ ಅರ್ಥವಾಯಿತು. ಏಳನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದಾಗ, ಸಮಾಜ ವಿಜ್ಞಾನದಲ್ಲಿ 'ಬಂಡವಾಳ' ಎಂಬ ಪದ ನನಗೆ ಗೊತ್ತಿರಲಿಲ್ಲ. ಆದರೆ 'ಪೂಂಜಿ' ಗೊತ್ತಿತ್ತು. ಅಬ್ಬಾ ಅಂಗಡಿಯ ವಿಷಯದಲ್ಲಿ ದಿನವೂ ಹೇಳುವ ಮಾತು. ನಮ್ಮ ಟೀಚರ್ ಬೋರ್ಡಿನ ಮೇಲೆ ಎರಡೂ ಪದಗಳನ್ನು ಅಕ್ಕಪಕ್ಕ ಬರೆದರು. ಐದು ನಿಮಿಷದ ಕೆಲಸ. ಇಂಥದ್ದನ್ನು ಪ್ರತಿಯೊಬ್ಬ ಶಿಕ್ಷಕರಿಗೂ ತರಬೇತಿಯಲ್ಲೇ ಕಲಿಸಿದರೆ ಎಷ್ಟು ಮಕ್ಕಳು ಹಿಂದಿನ ಬೆಂಚಿನಿಂದ ಮುಂದೆ ಬರಬಹುದು!

ಇನ್ನು ನಾಲ್ಕು ವರ್ಷದ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ಶಿಕ್ಷಕರಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಕನಿಷ್ಠ ಅರ್ಹತೆಯಾಗಬೇಕು. ಪಿ.ಯು.ಸಿ. ಆದ ಕೂಡಲೇ ಸೇರಿ ಡಿಗ್ರಿ ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೆ ಮುಗಿಸುವ ಕೋರ್ಸ್ ಇದು. 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಕಲ್ಪನೆ ಮಾತ್ರ ಹೊಸದಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ನಾಲ್ಕು ವರ್ಷದ ಕೋರ್ಸ್ 1960ರ ದಶಕದಲ್ಲೇ ಆರಂಭವಾಗಿತ್ತು. ಕಾಮರ್ಸ್‌ನವರಿಗೆ ಖುಷಿಯ ಸಂಗತಿ, ಈ ಯೋಜನೆಯಲ್ಲಿ ಬಿ.ಎ., ಬಿ.ಎಸ್ಸಿ. ಜೊತೆ ಬಿ.ಕಾಂ.-ಬಿ.ಎಡ್. ಕೂಡ ಇದೆ. ಪ್ರವೇಶಕ್ಕೆ ಎನ್.ಸಿ.ಇ.ಟಿ. ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು.

ಈಗ ನಮ್ಮ ಲೆಕ್ಕ. ಹಿಂದೆ ಬಿ.ಕಾಂ. ಮೂರು, ಬಿ.ಎಡ್. ಒಂದು, ಒಟ್ಟು ನಾಲ್ಕು ವರ್ಷ. ಈಗ ಮೂರು ಮತ್ತು ಎರಡು, ಒಟ್ಟು ಐದು. ಸಂಯೋಜಿತ ಕೋರ್ಸ್ ಸಿಕ್ಕರೆ ಮತ್ತೆ ನಾಲ್ಕು. ನಾಲ್ಕು ವರ್ಷದ ಡಿಗ್ರಿ ಅಥವಾ ಸ್ನಾತಕೋತ್ತರ ಪದವಿ ಇದ್ದವರಿಗೆ ಒಂದು ವರ್ಷದ ಬಿ.ಎಡ್. ಮತ್ತೆ ತರುವ ಕರಡು ನಿಯಮ 2025ರಲ್ಲಿ ಪ್ರಕಟವಾಯಿತು. ಆದರೆ ಕರ್ನಾಟಕ 2024-25ರಿಂದ ಮೂರು ವರ್ಷದ ಡಿಗ್ರಿಗೆ ಮರಳಿದೆ. ಬರೀ ಮೂರು ವರ್ಷದ ಡಿಗ್ರಿ ಇರುವವರಿಗೆ ಆ ದಾರಿ ಇಲ್ಲ.

ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇಲ್ಲಿ ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಒಂದು ವರ್ಷ ಎಂದರೆ ಫೀಸು, ಬಸ್ ಪಾಸು ಮಾತ್ರವಲ್ಲ, ಆ ವರ್ಷ ಬರದೆ ಹೋದ ಸಂಬಳವೂ ಹೌದು. ನಮ್ಮಂಥ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ "ಇನ್ನೂ ಒಂದು ವರ್ಷವಾ?" ಎಂಬ ಪ್ರಶ್ನೆಯೇ ಓದಿಗೆ ಪೂರ್ಣವಿರಾಮ ಹಾಕುತ್ತದೆ. ಎರಡು ವರ್ಷದ ತರಬೇತಿ ಉತ್ತಮ ಎಂದು ನಾನೂ ಒಪ್ಪುತ್ತೇನೆ. ಆದರೆ ಅದರ ಖರ್ಚನ್ನು ವಿದ್ಯಾರ್ಥಿಯ ಮನೆಯೊಂದೇ ಹೊರಬೇಕಾದರೆ, ಒಳ್ಳೆಯ ಟೀಚರ್ ಆಗಬಹುದಾದ ಕೆಲವರು ಕಾಲೇಜಿನ ಗೇಟಿನವರೆಗೂ ಬರುವುದಿಲ್ಲ.

ಸೇರುವ ಮೊದಲು ಮೂರು ವಿಷಯ ವಿಚಾರಿಸಿ. ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ? ನಿಮ್ಮ ಡಿಗ್ರಿಯ ವಿಷಯಕ್ಕೆ ಅಲ್ಲಿ ಬೋಧನಾ ಪದ್ಧತಿ ಇದೆಯೇ? ನಿಮಗೆ ಯಾವ ತರಗತಿಗೆ ಕಲಿಸುವ ಆಸೆ? ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಾಲದು, ಡಿ.ಎಲ್.ಎಡ್. ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಅದು ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಕೋರ್ಸ್. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿದ್ದು ಐದು ವರ್ಷ ಓದಿ ಬಿ.ಎಡ್. ಹಿಡಿದು ನಿಂತರೆ, ಆ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಹಾಗಾಗಿ ಈ ಮೂರನೇ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲಿ ಕೂತು ಈಗಲೇ ಮಾತಾಡಿಕೊಳ್ಳಿ.