ಸುಣ್ಣಕಟ್ಟು

ರೇಷ್ಮೆ ಬೆಳೆಯುವ ಮನೆಯಲ್ಲಿ ‘ಸುಣ್ಣಕಟ್ಟು’ ಎಂಬ ಮಾತು ಕೇಳಿಬಂದರೆ ಮನೆಮಂದಿಯ ಮುಖ ಬಾಡುತ್ತದೆ. ನಾಲ್ಕನೆಯ ಜ್ವರವನ್ನು ದಾಟಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಏರಬೇಕಾದ ಹುಳು ಸೊಪ್ಪು ಮುಟ್ಟದೆ ಮಲಗುತ್ತದೆ. ಸತ್ತ ಮೇಲೆ ಕೊಳೆಯದೆ ಬಿರುಸಾಗುತ್ತದೆ. ಬಳಿಕ ಸುಣ್ಣ ಬಳಿದಂತೆ ಮೈಯೆಲ್ಲ ಬೆಳ್ಳಗಾಗುತ್ತದೆ. ಆ ಬಿಳುಪು ಹುಳುವಿನದಲ್ಲ, ಅದನ್ನು ಒಳಗಿನಿಂದ ತಿಂದು ಹೊರಬಂದ ಶಿಲೀಂಧ್ರದ್ದು. ಬ್ಯೂವೇರಿಯ ಎಂಬುದು ಈ ಕುಲದ ಹೆಸರು. ಕೀಟಗಳ ಒಡಲೇ ಇದರ ಹೊಲ.

ಒಳಹೊಗಲು ಇದಕ್ಕೆ ಹುಳುವಿನ ಬಾಯಿಯೂ ಬೇಡ, ಗಾಯವೂ ಬೇಡ. ಗಾಳಿಯಲ್ಲಿ ತೇಲಿಬಂದ ಬೀಜಕಣ ಚರ್ಮದ ಮೇಲೆ ಕುಳಿತು, ತೇವ ಸಾಕಷ್ಟಿದ್ದರೆ ಮೊಳೆತು, ಚರ್ಮವನ್ನು ಕರಗಿಸುವ ರಸವನ್ನು ಸ್ರವಿಸಿ ನೆತ್ತರಿಗೆ ಇಳಿಯುತ್ತದೆ. ಮಳೆಗಾಲ, ಚಳಿಗಾಲಗಳೇ ಇದರ ಸುಗ್ಗಿ.

ಇಟಲಿಯ ರೈತರು ಈ ರೋಗವನ್ನು ‘ಕಾಲ್ಚಿನೊ’ ಎನ್ನುತ್ತಿದ್ದರು. ಅದರ ಮೂಲವೂ ಸುಣ್ಣವೇ! ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಎರಡು ನಾಡಿನ ಬೇಸಾಯಗಾರರು ಒಂದೇ ಹೆಸರಿಟ್ಟುದು ನನಗೆ ಬಹು ಸೋಜಿಗವೆನಿಸಿದೆ. ಅಲ್ಲಿನ ಲೋದಿ ಪಟ್ಟಣದ ಸೀಮೆಯವನಾದ ಅಗೊಸ್ತೀನೊ ಬಾಸ್ಸಿ ಕಾನೂನು ಓದಿದವನು. ಕಣ್ಣು ಮಂಜಾಗುತ್ತ ಬಂದು ಸರ್ಕಾರಿ ಕೆಲಸ ಬಿಟ್ಟವನು. 1807ರಲ್ಲಿ ಆತ ಈ ರೋಗದ ಬೆನ್ನುಹತ್ತಿದ. ಹವೆ, ಆಹಾರಗಳ ದೋಷದಿಂದ ರೋಗ ತಾನಾಗಿ ಹುಟ್ಟುವುದೆಂದು ಪಂಡಿತರು ನಂಬಿದ್ದ ಕಾಲ. ವರ್ಷಗಟ್ಟಲೆ ಹುಳುಗಳನ್ನು ನಾನಾ ಬಗೆಯಲ್ಲಿ ಪೀಡಿಸಿ ನೋಡಿದರೂ ರೋಗ ಹುಟ್ಟಲಿಲ್ಲ. ಸತ್ತ ಹುಳುವಿನ ಬಿಳಿಪುಡಿ ತಾಕಿಸಿದರೆ ಹುಟ್ಟಿತು. 1835ರಲ್ಲಿ ಆತ ಪ್ರಕಟಿಸಿದ ಗ್ರಂಥ, ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲುದೆಂದು ಪ್ರಯೋಗದಿಂದ ತೋರಿಸಿದ ಮೊದಲ ಕೃತಿಗಳಲ್ಲೊಂದು. ಪಾಶ್ಚರನು ರೇಷ್ಮೆಹುಳುವಿನ ಬೇರೊಂದು ರೋಗಕ್ಕೆ ಕೈಹಾಕಿದ್ದು 1865ರಲ್ಲಿ, ಮೂವತ್ತು ವರ್ಷಗಳ ಅನಂತರ. ಕೀರ್ತಿ ಪಾಶ್ಚರನಿಗೆ ಸಂದಿತು. ಬಾಸ್ಸಿಗೆ ಉಳಿದದ್ದು ‘ಬ್ಯೂವೇರಿಯ ಬಾಸ್ಸಿಯಾನ’ ಎಂಬ ಬೂಷ್ಟಿನ ಹೆಸರಿನ ಉತ್ತರಾರ್ಧ ಮಾತ್ರ.

ಬೆಳ್ಳಗಾಗುವ ಮೊದಲು ಸತ್ತ ಹುಳು ರೋಗ ಹರಡದು. ಶಿಡ್ಲಘಟ್ಟದ ಕಡೆಯ ಹುಳುಮನೆಯೊಂದರಲ್ಲಿ ವೃದ್ಧ ರೈತರೊಬ್ಬರು ತಟ್ಟೆಯಿಂದ ಸತ್ತ ಹುಳುಗಳನ್ನು ಕಡ್ಡಿಯಿಂದ ಎತ್ತುತ್ತ, “ಬಿಳೀ ಪುಡಿ ಏಳೋಕೆ ಮುಂಚೆ ಆರಿಸ್ಬೇಕು ಸ್ವಾಮಿ, ಎದ್ದ ಮೇಲೆ ದೇವರೇ ಗತಿ” ಎಂದರು. ಬಾಸ್ಸಿಯ ಹೆಸರನ್ನು ಅವರು ಕೇಳಿರಲಾರರು. ತೇವ ಹೀರಲೆಂದು ಹಾಸಿಗೆಯ ಮೇಲೆ ಅವರು ಉದುರಿಸುತ್ತಿದ್ದುದೂ ಸುಣ್ಣದ ಪುಡಿಯನ್ನೇ.

ಇಷ್ಟರಲ್ಲೇ ಕಥೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ರೇಷ್ಮೆಯವರ ಈ ಮಾರಿ ಕಾಫಿಯವರಿಗೆ ಬಂಟ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಕಾಯಿಕೊರಕ ಕೀಟ ಕೊಡಗಿಗೂ ಹಬ್ಬಿತು. ಕಾಯಿಯೊಳಗೆ ಅಡಗಿ ಕುಳಿತ ಈ ಕೀಟಕ್ಕೆ ಔಷಧ ತಲಪುವುದು ಕಷ್ಟ. ಅದರ ಮೇಲೆ ಬಿಡುವ ಅಸ್ತ್ರಗಳಲ್ಲಿ ಇದೇ ಬ್ಯೂವೇರಿಯ ಒಂದು. ವಿಷವಿಲ್ಲದ ಔಷಧವೆಂದು ತರಕಾರಿ ತೋಟಗಳಿಗೂ ಇದನ್ನು ಮಾರುತ್ತಾರೆ.

ಕೊಡಗಿನ ತೋಟದಲ್ಲಿ ಇದಕ್ಕೆ ನನ್ನ ತಕರಾರಿಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಟೊಮ್ಯಾಟೊ ಹೊಲ, ಹಿಪ್ಪುನೇರಳೆ ತೋಟಗಳ ನಡುವೆ ಇರುವುದು ಒಂದು ಬದು. ಬಿಳಿನೊಣಕ್ಕೆಂದು ಒಬ್ಬ ಸಿಂಪಡಿಸಿದ ಬೀಜಕಣ ಇನ್ನೊಬ್ಬನ ಸೊಪ್ಪಿನ ಮೇಲೆ ಕೂರಲು ಒಂದು ಬೀಸುಗಾಳಿ ಸಾಕು. ರೇಷ್ಮೆ ಸಾಕುವೆಡೆ ಇದನ್ನು ಬಳಸಬಾರದೆಂದು ತಿಳಿದವರು ಹೇಳುತ್ತಾರೆ. ಅಂಗಡಿಯವನು ಪೊಟ್ಟಣ ಕೊಡುವಾಗ, “ಪಕ್ಕದ ಹೊಲದಲ್ಲಿ ಏನಿದೆಯಪ್ಪಾ?” ಎಂದು ಕೇಳುವುದನ್ನು ಮಾತ್ರ ನಾನು ಇದುವರೆಗೆ ಕೇಳಿಲ್ಲ.