ಕಾರಿನ ನೀಲಿ ಹೊಗೆ ಮತ್ತು ಟರ್ಬೊ

ಶಿರಾಡಿ ಘಟ್ಟವಿಳಿದು ಬಿ.ಸಿ. ರೋಡಿನ ಮೂಲಕ ಮಂಗಳೂರಿಗೆ ಬರುವವರಿಗೆಲ್ಲ ಪಡೀಲ್ ಪರಿಚಿತ. ಅಲ್ಲಿ ರಸ್ತೆ ಕವಲೊಡೆದು ಒಂದು ಪಂಪ್‌ವೆಲ್ಲಿಗೂ ಇನ್ನೊಂದು ನಂತೂರಿಗೂ ಸಾಗುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಆ ಕವಲಿನ ಬಳಿ ನಮ್ಮ ಕಾರು ವಾಹನಗಳ ಸಾಲಿನಲ್ಲಿ ಬಹಳ ಹೊತ್ತು ನಿಂತಿತ್ತು. ಮುಂದೆ ಹೊರಡಲು ನನ್ನ ಸೋದರಳಿಯನು ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಹೊಗೆಯ ಮೋಡವೇ ಎದ್ದಿತು. ಅವನ ಮುಖ ಬಾಡಿತು. ಆ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸಿಯೇ ಅವನು ಬ್ಯಾಂಕಿನ ಕಂತು ಕಟ್ಟಬೇಕು. ಎರಡು ತಿಂಗಳ ಹಿಂದಷ್ಟೇ, ಇದೇ ಹೊಗೆಯ ಕಾರಣದಿಂದ, ಹೆಂಡತಿಯ ಬಳೆಗಳನ್ನು ಅಡವಿಟ್ಟು ಹೊಸ ಟರ್ಬೊ ಹಾಕಿಸಿದ್ದನು.

ಟರ್ಬೊ ಎಂದರೇನೆಂದು ಕೆಲವು ಓದುಗರು ಕೇಳಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಇಂಜಿನ್ ಹೊರಹಾಕುವ ಹೊಗೆಯ ವೇಗದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತುವ ಆ ದಂಡಕ್ಕೆ ತೆಳುವಾದ ಎಣ್ಣೆಯ ಪದರವೇ ಆಧಾರ. ಎಣ್ಣೆ ಒಳಗೆ ಬರುವುದು ಪಂಪಿನ ಒತ್ತಡದಿಂದ. ಮರಳುವುದು ಮಾತ್ರ ಕೆಳಗಿನ ಕೊಳವೆಯಲ್ಲಿ ತನ್ನ ಭಾರದಿಂದಲೇ. ನಮ್ಮ ಕಾರಿನ ರೋಗವಿದ್ದುದು ಇಲ್ಲಿಯೇ.

ಪಡೀಲಿನ ಗ್ಯಾರೇಜೊಂದರ ಮೆಕ್ಯಾನಿಕ್ ಮೊದಲು ಹೊಗೆಯ ಬಣ್ಣವನ್ನು ನೋಡಿದನು. ಕಪ್ಪಾಗಿದ್ದರೆ ಗಾಳಿ ಸಾಲದು, ಪೈಪು ಸೀಳಿರಬಹುದು ಅಥವಾ ಫಿಲ್ಟರ್ ಕಟ್ಟಿರಬಹುದು. ಬಿಳಿಯಾಗಿದ್ದರೆ ಡೀಸೆಲ್ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಒಳಸೇರಿದೆ. ನೀಲಿಯಾದರೆ ಎಣ್ಣೆಯೇ ಸುಡುತ್ತಿದೆ. ಅದು ಸವೆದ ಪಿಸ್ಟನ್ ರಿಂಗಿನಿಂದಲೂ ಆಗಬಹುದು. ಇಂಜಿನ್ ತಣಿದ ಮೇಲೆ ಅವನು ಗಾಳಿಯ ಪೈಪು ಬಿಚ್ಚಿದನು. ಎಣ್ಣೆಯ ತೆಳು ಲೇಪವಿದ್ದರೆ ಚಿಂತೆಯಿಲ್ಲವಂತೆ. ನಮ್ಮದರಲ್ಲಿ ಎಣ್ಣೆ ಮಡುಗಟ್ಟಿತ್ತು. ಬೆರಳಿನಿಂದ ದಂಡವನ್ನು ಅಲುಗಿಸಿದನು. ಅಕ್ಕಪಕ್ಕ ಕೊಂಚ ಆಡಿತು, ಅದು ಸಹಜ. ಒಳಹೊರಗೆ ಆಡಲಿಲ್ಲ, ಚಕ್ರ ಗೋಡೆಗೆ ತಾಗಲಿಲ್ಲ.

“ಟರ್ಬೊ ಒಳ್ಳೆದುಂಟು ಸರ್. ಎಣ್ಣೆಗೆ ವಾಪಸು ಹೋಗ್ಲಿಕ್ಕೆ ದಾರಿ ಇಲ್ಲ” ಎಂದನು.

ಇಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪು ಮಸಿಯಿಂದ ಕಟ್ಟಿಕೊಂಡಿತ್ತು. ಒಳಗಿನ ಒತ್ತಡ ಏರಿ, ಇಳಿಯಬೇಕಾದ ಎಣ್ಣೆಯನ್ನು ತಡೆದು, ಅದು ಟರ್ಬೊದ ಸೀಲು ದಾಟಿ ಗಾಳಿಯ ದಾರಿಗೆ ನುಗ್ಗುತ್ತಿತ್ತು. ಹಿಂದಿನ ಗ್ಯಾರೇಜಿನವರು ಟರ್ಬೊ ಬದಲಿಸಿದ್ದರೇ ಹೊರತು ಈ ಪೈಪನ್ನು ಮುಟ್ಟಿರಲಿಲ್ಲ. ಹಳೆಯ ಟರ್ಬೊ ಕೂಡ ಒಳ್ಳೆಯದೇ ಇದ್ದೀತೆಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಳಿಯನ ಮುಖ ನೋಡಿ ನುಂಗಿಕೊಂಡೆನು.

ಬ್ರೀದರನ್ನೂ ಎಣ್ಣೆ ಮರಳುವ ಕೊಳವೆಯನ್ನೂ ಶುಚಿಗೊಳಿಸಿ, ಇಂಟರ್‌ಕೂಲರಿನಲ್ಲಿ ನಿಂತಿದ್ದ ಎಣ್ಣೆಯನ್ನು ಬಸಿದು, ಇಂಜಿನ್ ಆಯಿಲನ್ನೂ ಫಿಲ್ಟರನ್ನೂ ಬದಲಿಸಿದನು. ಇಂಟರ್‌ಕೂಲರಿನ ಎಣ್ಣೆಯನ್ನು ಹಾಗೆಯೇ ಬಿಡುವುದು ಅಪಾಯ. ಆ ಎಣ್ಣೆಯೇ ಇಂಧನವಾಗಿ, ಕೀಲಿ ತೆಗೆದರೂ ಡೀಸೆಲ್ ಇಂಜಿನ್ ನಿಲ್ಲದೆ ಅಬ್ಬರಿಸಬಹುದು. ಗೇರ್ ಹಾಕುವ ಕಾರಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ನಿಲ್ಲಿಸಲು ನೋಡಬೇಕು. ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಬೇಕು. ಬಾನೆಟ್ ತೆರೆದು ಕೈಯಿಡಬಾರದು.

ಕಾರು ಮೊದಲ ಕೆಲವು ಮೈಲು ತುಸು ಹೊಗೆ ಕಾರಿತು. ಸೈಲೆನ್ಸರಿನಲ್ಲಿ ಉಳಿದ ಎಣ್ಣೆ ಸುಡುವವರೆಗೆ ಹಾಗೆಯೇ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದನು. ಹಿಂದಿರುಗುವಾಗ ಘಟ್ಟ ಹತ್ತಿ, ಸಕಲೇಶಪುರದಲ್ಲಿ ಕಾಫಿಗೆ ನಿಂತಾಗ ನಾನು ಇಳಿದು ಬಾಗಿಲು ಹಾಕಿದೆನು. ಇಂಜಿನ್ ಆರಿಸದೆ ಕುಳಿತಿದ್ದ ಅಳಿಯನು, “ಟರ್ಬೊ ಸ್ವಲ್ಪ ತಣಿಯಲಿ ಮಾವ, ಒಂದು ನಿಮಿಷ” ಎಂದನು.